ಖಾತೆದಾರರ ಹೆಸರು

"ಅತ್ತೆ, ಆ ಫೋನ್ ಇಲ್ಲಿ ಕೊಡಿ, ನಾನು ಇಟ್ಕೊಂಡಿರ್ತೀನಿ," ಎಂದು ತೃಪ್ತಿ ಕೈ ಚಾಚಿದಳು. ಚಿತ್ರಾಕ್ಷಿ ಕೊಡಲಿಲ್ಲ. ಗಂಡನ ಹಳೆಯ ಮೊಬೈಲನ್ನು ಕೋಟಿನ ಜೇಬಿನಲ್ಲಿ ಇನ್ನಷ್ಟು ಆಳಕ್ಕೆ ತುರುಕಿ, ಮೇಲಿನಿಂದ ಅಂಗೈ ಒತ್ತಿ ಹಿಡಿದು, ಅಡುಗೆಮನೆಯಿಂದ ಮುಂದಿನ ಕೋಣೆಗೆ ನಡೆದಳು. ಬೆಳಗಿನಿಂದ ಇದು ಏಳನೆಯ ಸಲವೋ ಎಂಟನೆಯ ಸಲವೋ. ಕಿಟಕಿಯ ಹತ್ತಿರ ನಿಂತು, ಫೋನನ್ನು ಅರ್ಧ ಹೊರಗೆಳೆದು, ಸಿಗ್ನಲ್ಲಿನ ಗೆರೆ ಎಣಿಸಿ, ಮತ್ತೆ ಒಳಗಿಟ್ಟಳು. ಎರಡು ಗೆರೆ ಇದ್ದವು. ಈ ಮನೆಯಲ್ಲಿ ಎರಡು ಗೆರೆ ಸಿಗುವುದು ಆ ಕಿಟಕಿಯ ಬಳಿ ಮಾತ್ರ. ಅಲ್ಲಿಂದ ಎರಡು ಹೆಜ್ಜೆ ಹಿಂದೆ ಸರಿದರೆ ಫೋನು ಇದ್ದೂ ಇಲ್ಲದ ಹಾಗೆ.

ತೃಪ್ತಿ ಗಂಡನ ಮುಖ ನೋಡಿದಳು. ಬಿಡು ಎಂದು ಶೋಭಿತ್ ಕಣ್ಣಲ್ಲೇ ಹೇಳಿದ. ಎರಡು ವಾರದ ಹಿಂದೆ ಅಪ್ಪ ತೀರಿಕೊಂಡ ದಿನದಿಂದ ಅಮ್ಮ ಆ ಫೋನನ್ನು ಯಾರ ಕೈಗೂ ಕೊಟ್ಟಿರಲಿಲ್ಲ. ದುಃಖಕ್ಕೆ ಏನಾದರೊಂದು ಆಸರೆ ಬೇಕಲ್ಲ ಎಂದು ಗಂಡಹೆಂಡಿರು ಮಾತಾಡಿಕೊಂಡಿದ್ದರು.

ದುಃಖ ಇರಲಿಲ್ಲವೆಂದಲ್ಲ. ಆದರೆ ಚಿತ್ರಾಕ್ಷಿ ಫೋನು ಹಿಡಿದುಕೊಂಡದ್ದು ಅದಕ್ಕಲ್ಲ. ಇವತ್ತು ಮಾರ್ಚ್ ಮೂವತ್ತೊಂದು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರೊಳಗೆ ಗ್ಯಾಸ್ ಕಂಪನಿಯ ನೆರವಿನ ನಿಧಿಯವರು ಆ ನಂಬರಿಗೆ ಕರೆ ಮಾಡುವವರಿದ್ದರು. ಗ್ಯಾಸ್ ಉರಿಸಿ ಮನೆ ಬೆಚ್ಚಗಿಡಲು ಕೈಲಾಗದವರ ಹಳೆಯ ಬಾಕಿ ಅಳಿಸಿ, ಮೀಟರಿಗೆ ಒಂದಿಷ್ಟು ದುಡ್ಡು ತುಂಬಿಸಿಕೊಡುವ ನಿಧಿ ಅದು. ಅದರ ವರ್ಷ ಇವತ್ತಿಗೆ ಮುಗಿಯುತ್ತದೆ. ಕರೆ ತಪ್ಪಿತೋ, ಆಮೇಲೆ ಯಾರ ಕಾಲು ಹಿಡಿದರೂ ಪ್ರಯೋಜನವಿಲ್ಲ. ಇತ್ತ ಶವ ಸುಡುವ ಕ್ರಿಮಟೋರಿಯಂನವರು ಕೊಟ್ಟದ್ದು ಎರಡೇ ದಿನ, ಒಂದು ಇವತ್ತು, ಇನ್ನೊಂದು ಈಸ್ಟರ್ ಕಳೆದ ಮೇಲೆ. ಅಪ್ಪನನ್ನು ಶವಾಗಾರದಲ್ಲಿ ಅಷ್ಟು ದಿನ ಕಾಯಿಸುವುದು ಬೇಡವೆಂದು ಶೋಭಿತ್ ಇವತ್ತನ್ನೇ ಹಿಡಿದ. ಹನ್ನೊಂದಕ್ಕೆ ಶವದ ಪೆಟ್ಟಿಗೆ ಮನೆಗೆ ಬರುವುದು, ಹನ್ನೊಂದೂ ಮುಕ್ಕಾಲಿಗೆ ಹೊರಡುವುದು.

ಬೇರೆ ದಿನ ಇಟ್ಟುಕೋ ಎನ್ನಲು ಚಿತ್ರಾಕ್ಷಿಗೆ ಬಾಯಿರಲಿಲ್ಲ. ಹೇಳಿದರೆ ಕಾರಣವನ್ನೂ ಹೇಳಬೇಕಾಗುತ್ತಿತ್ತು. ಗ್ಯಾಸಿಗೆ ಕಷ್ಟವಾಗಿದೆ ಎಂದು ಮಗನಿಗೆ ತಿಳಿಯಕೂಡದು ಎಂದು ಗಂಡ ಕಟ್ಟುನಿಟ್ಟಾಗಿ ಹೇಳಿದ್ದರು. ತಿಳಿದರೆ ಶೋಭಿತ್ ಲಫ್‌ಬರೋದ ತನ್ನ ಫ್ಲಾಟಿಗೆ ಕರೆದುಕೊಂಡು ಹೋಗುವವನೇ. ಅಲ್ಲಿ ಹಗಲು ಸೋಫಾ ಆಗಿದ್ದದ್ದು ರಾತ್ರಿ ಅವಳ ಹಾಸಿಗೆಯಾಗುತ್ತದೆ. ನಾಟಿಂಗ್‌ಹ್ಯಾಮಿನ ಹೈಸನ್ ಗ್ರೀನ್ ಬಡಾವಣೆಯ ಈ ಸಾಲುಮನೆ ಬಾಡಿಗೆಯದಾದರೂ, ಕತ್ತಲಲ್ಲಿ ಎದ್ದರೂ ಎಡವದಷ್ಟು ಅವಳದು. ಗ್ಯಾಸೊಂದು ಸರಿಹೋದರೆ ಒಬ್ಬಳೇ ಇದ್ದುಬಿಡಬಲ್ಲಳು. ಸರಿಹೋಗದಿದ್ದರೆ ಮುಂದಿನ ಚಳಿಗಾಲ ಸೋಫಾ.

ಕರೆ ಬಾರದಿದ್ದರೆ ಎಂಬುದು ಒಂದು ಭಯ. ಬಂದರೆ ಅವರು ಕೇಳುವ ಪ್ರಶ್ನೆ ಅದಕ್ಕಿಂತ ದೊಡ್ಡ ಭಯ.

*

ಚಿತ್ರಾಕ್ಷಿ ತನ್ನ ಅರುವತ್ತೆಂಟು ವರ್ಷದಲ್ಲಿ ಒಮ್ಮೆಯೂ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಮದುವೆಯ ಹಿಂದಿನ ದಿನ ತಾಯಿ ಹೇಳಿಕೊಟ್ಟಿದ್ದಳು. ಮೂಲ್ಕಿಯಲ್ಲಿ ಅದೇನೂ ಕಷ್ಟವಾಗಲಿಲ್ಲ. ಯಾರ ಹೆಂಡತಿ ಯಾರೆಂದು ಅಲ್ಲಿ ಎಲ್ಲರಿಗೂ ಗೊತ್ತು, ಕೇಳುವವರೇ ಇಲ್ಲ. ಗಂಡ ಹೋಟೆಲಿನ ಅಡುಗೆಯವರಾಗಿ ಇಂಗ್ಲೆಂಡಿಗೆ ಬಂದು, ಅವಳನ್ನೂ ಹತ್ತು ವರ್ಷದ ಶೋಭಿತನನ್ನೂ ನಾಟಿಂಗ್‌ಹ್ಯಾಮಿಗೆ ಕರೆಸಿಕೊಂಡ ಮೇಲೆ ಫಜೀತಿ ಶುರುವಾಯಿತು. ಈ ದೇಶದಲ್ಲಿ ಕಂಡಕಂಡವರಿಗೆಲ್ಲ ಗಂಡನ ಹೆಸರು ಬೇಕು. ಜಿಪಿ ಡಾಕ್ಟರರ ರಿಸೆಪ್ಷನ್ನಿನಲ್ಲಿ ಬೇಕು, ಶಾಲೆಯಲ್ಲಿ ಬೇಕು, ಪಾರ್ಸೆಲ್ ತಂದವನಿಗೂ ಬೇಕು.

ಚಿತ್ರಾಕ್ಷಿ ಗಂಡನ ಲೈಬ್ರರಿ ಕಾರ್ಡಿನ ಜೆರಾಕ್ಸೊಂದನ್ನು ಪರ್ಸಿನಲ್ಲಿ ಇಟ್ಟುಕೊಂಡು, ಕೇಳಿದವರ ಮೂಗಿನ ಮುಂದೆ ಹಿಡಿಯುತ್ತಿದ್ದಳು. ಬರೆಯಲು ಅಡ್ಡಿಯಿಲ್ಲ, ತೋರಿಸಲು ಅಡ್ಡಿಯಿಲ್ಲ, ನಾಲಿಗೆಗೆ ಬರಬಾರದು ಅಷ್ಟೇ. ಹೊರಗಿನವರ ಮುಂದೆ 'ಹಸ್ಬೆಂಡ್', ಊರಿನವರ ಮುಂದೆ 'ಇವರು'. ಊಟಕ್ಕೆ ಕರೆಯಬೇಕಾದರೆ ಸೌಟಿನಿಂದ ಪಾತ್ರೆಯ ಅಂಚಿಗೆ ಎರಡು ಸಲ ಬಡಿದರೆ ಆಯಿತು. ಒಮ್ಮೆ ಪಕ್ಕದ ಮನೆಯವನು ಗೋಡೆಗೆ ಮೊಳೆ ಹೊಡೆದದ್ದಕ್ಕೆ ಅವರು ಕೈ ತೊಳೆದು ಬಂದು ತಟ್ಟೆಯ ಮುಂದೆ ಕೂತಿದ್ದರು. ಅದನ್ನು ನೆನೆಸಿಕೊಂಡು ಇಬ್ಬರೂ ವರ್ಷಗಟ್ಟಲೆ ನಕ್ಕಿದ್ದುಂಟು.

ಹೋಟೆಲು ಮುಚ್ಚಿದ ಮೇಲೆ ಅವರು ಆಸ್ಪತ್ರೆಯ ಲಾಂಡ್ರಿ ಸೇರಿದರು. ಇಪ್ಪತ್ತೊಂದು ವರ್ಷ ಹಬೆಯಲ್ಲಿ ನಿಂತು ರೋಗಿಗಳ ಹಾಸಿಗೆ ಬಟ್ಟೆ ಮಡಿಸಿದರು. ಹಾಗಾಗಿ ಇಂಗ್ಲೆಂಡಿನ ಚಳಿ ಏನೆಂದು ಅವರಿಗೆ ಗೊತ್ತಾದದ್ದು ನಿವೃತ್ತಿಯ ನಂತರವೇ. ಗ್ಯಾಸಿನ ಬೆಲೆ ಏರಿತು, ಬಾಕಿ ಬಿತ್ತು, ಕಂಪನಿಯವರು ಬಂದು ಮೊದಲೇ ದುಡ್ಡು ತುಂಬಿಸುವ ಮೀಟರು ಕೂರಿಸಿ ಹೋದರು. ಆಮೇಲೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದೂವರೆ ಗಂಟೆ ಮಾತ್ರ ಹೀಟಿಂಗು. ನಡುವಿನ ಹೊತ್ತು ಅವರು ಲೈಬ್ರರಿಯಲ್ಲಿ ಕಳೆಯುತ್ತಿದ್ದರು. ಪುಸ್ತಕದ ಮೇಲಿನ ಪ್ರೀತಿಯಿಂದಲ್ಲ, ಅಲ್ಲಿ ಬೆಚ್ಚಗಿರುತ್ತದೆ ಎಂದು. ಗುರುವಾರ ಗುರುವಾರ ಅಲ್ಲಿ ಬಿಲ್ಲಿನ ಕಷ್ಟ ಇದ್ದವರಿಗೆ ಅರ್ಜಿ ತುಂಬಿಸಿಕೊಡುವ ಒಂದು ಮೇಜು ಹಾಕುತ್ತಿದ್ದರು. ಜನವರಿಯಲ್ಲಿ ಒಂದು ಗುರುವಾರ ಲಾಟರಿ ಹೊಡೆದವರ ಹಾಗೆ ಮನೆಗೆ ಬಂದು, ಅರ್ಜಿ ಹೋಗಿದೆ, ಇನ್ನೊಂದು ಫೋನು ಬಂದರೆ ಮುಗಿಯಿತು ಎಂದರು. ಅವತ್ತಿನಿಂದ ದಿನವೂ ಕಿಟಕಿಯ ಬಳಿ ಕುರ್ಚಿ ಹಾಕಿ ಕೂತರು.

ಫೋನು ಬಂದದ್ದು ಫೆಬ್ರವರಿಯಲ್ಲಿ, ಅವರು ಎದೆಯ ಪರೀಕ್ಷೆಗೆಂದು ಆಸ್ಪತ್ರೆಗೆ ಹೋಗಿದ್ದ ದಿನ. ಕಿಟಕಿಯಲ್ಲಿ ಚಾರ್ಜಿಗಿಟ್ಟಿದ್ದ ಮೊಬೈಲನ್ನು ಚಿತ್ರಾಕ್ಷಿ ಎತ್ತಿದಳು. ಆಚೆಯ ಹೆಂಗಸು, ಸುರಕ್ಷತೆಗಾಗಿ ಕೇಳುತ್ತೇನೆ, ಖಾತೆದಾರರ ಪೂರ್ತಿ ಹೆಸರು ಹೇಳಿ ಎಂದಳು. ಹಸ್ಬೆಂಡ್ ಎಂದಳು ಚಿತ್ರಾಕ್ಷಿ. ಹೌದು, ಅವರ ಹೆಸರೇನು ಎಂದಳು ಆಕೆ. ಚಿತ್ರಾಕ್ಷಿಯ ಕೈ ರೂಢಿಯಂತೆ ಪರ್ಸು ಹುಡುಕಿತು. ಫೋನಿಗೆ ಕಾರ್ಡು ತೋರಿಸುವುದು ಹೇಗೆ? ಸಂಜೆ ಬರುತ್ತಾರೆ, ಅವರೇ ಹೇಳುತ್ತಾರೆ ಎಂದು ತೊದಲಿದಳು. ಆಕೆ ಮೂರು ಸಲ ಕೇಳಿದಳು, ಹಾಗಾದರೆ ಮುಂದುವರಿಸಲು ಆಗುವುದಿಲ್ಲ ಎಂದು ಇಟ್ಟುಬಿಟ್ಟಳು.

ಗಂಡ ಬೈಯಲಿಲ್ಲ. ಬಾಗಿಲಿನ ಚೌಕಟ್ಟಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮತ್ತೆ ಲೈಬ್ರರಿಯ ಮೇಜಿಗೆ ಹೋಗಿ ಇನ್ನೊಂದು ದಿನ ಕೇಳಿಕೊಂಡು ಬಂದರು. ಸಿಕ್ಕಿದ್ದು ಮಾರ್ಚ್ ಮೂವತ್ತೊಂದು, ಕಟ್ಟಕಡೆಯ ದಿನ. ನಡುವಿನ ವಾರಗಳಲ್ಲಿ ಮನೆ ತಣ್ಣಗೇ ಉಳಿಯಿತು. ಮಾರ್ಚಿನ ಮೊದಲ ವಾರ ಅವರಿಗೆ ಕೆಮ್ಮು ಹಿಡಿಯಿತು, ಎರಡನೆಯ ವಾರ ಆಸ್ಪತ್ರೆ, ಹದಿನೇಳಕ್ಕೆ ಎಲ್ಲ ಮುಗಿಯಿತು. ಎದೆಯ ಹಳೆಯ ತೊಂದರೆ, ಎಪ್ಪತ್ತನಾಲ್ಕು ವರ್ಷ ವಯಸ್ಸು, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಡಾಕ್ಟರು ಹೇಳಿದರು. ಡಾಕ್ಟರಿಗೆ ಫೆಬ್ರವರಿಯ ಫೋನಿನ ವಿಷಯ ಗೊತ್ತಿರಲಿಲ್ಲ. ಅವರ ಆಯುಸ್ಸಿಗೆಂದು ನಲವತ್ತಾರು ವರ್ಷ ನುಂಗಿಕೊಂಡ ಹೆಸರನ್ನು ಅವತ್ತೊಂದು ದಿನ ಉಗುಳಿದ್ದರೆ ಮನೆ ಬೆಚ್ಚಗಿರುತ್ತಿತ್ತು ಎಂದು ಚಿತ್ರಾಕ್ಷಿ ತನ್ನನ್ನು ತಾನೇ ಹಗಲೂ ರಾತ್ರಿ ಬೈದುಕೊಳ್ಳುತ್ತಿದ್ದಳು.

*

ಹನ್ನೊಂದಕ್ಕೆ ಸರಿಯಾಗಿ ಶವಸಂಸ್ಕಾರದ ಕಂಪನಿಯ ಮಿಸ್ಟರ್ ಬಾರ್ಟನ್ ತನ್ನ ಮೂವರು ಆಳುಗಳೊಂದಿಗೆ ಪೆಟ್ಟಿಗೆ ತಂದ. ಕಿರಿದಾದ ಕೋಣೆ. ಅತ್ತ ಇತ್ತ ತಿರುಗಿಸಿ ನೋಡಿ, ಕೊನೆಗೆ ಕಿಟಕಿಗೆ ತಾಗಿದಂತೆ ಇಟ್ಟರು, ಅವರು ಕುರ್ಚಿ ಹಾಕಿ ಕೂರುತ್ತಿದ್ದ ಜಾಗದಲ್ಲೇ. ಗಂಡನ ತಲೆಯ ಪಕ್ಕದಲ್ಲಿ ನಿಂತರೆ ಫೋನಿಗೆ ಎರಡು ಗೆರೆ ಸಿಗುತ್ತವೆ ಎಂಬುದೇ ಚಿತ್ರಾಕ್ಷಿಗೆ ಮೊದಲು ಹೊಳೆಯಿತು. ಹಾಗೆ ಹೊಳೆದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಪೆಟ್ಟಿಗೆ ಇರುವಷ್ಟು ಹೊತ್ತು ಹೀಟಿಂಗ್ ಹಾಕಬಾರದು ಎಂದು ಬಾರ್ಟನ್ ಮೊದಲೇ ಹೇಳಿದ್ದ. ಅದೊಂದು ಪುಣ್ಯ. ಬಂದವರೆಲ್ಲ ಕೋಟು ತೆಗೆಯದೆ ಕೂತಿದ್ದರೂ ಯಾರೂ ಏನೂ ಕೇಳಲಿಲ್ಲ. ತೃಪ್ತಿ ಮಾತ್ರ ಬೆಳಿಗ್ಗೆ ಮನೆ ಬೆಚ್ಚಗಿಡುವ ಬಾಯ್ಲರಿನ ಗುಂಡಿ ತಿರುಗಿಸಿ, ಏನೂ ಆಗದೆ, ಇದು ಕೆಟ್ಟಿದೆಯಾ ಎಂದು ಕೇಳಿದ್ದಳು. ಹೌದು, ರಿಪೇರಿಗೆ ಹೇಳಿದೆ ಎಂದು ಚಿತ್ರಾಕ್ಷಿ ಸುಳ್ಳು ಹೇಳಿದ್ದಳು.

ಲಾಂಡ್ರಿಯಲ್ಲಿ ಗಂಡನ ಜೊತೆ ಕೆಲಸ ಮಾಡಿದ್ದ ಧಾರವಾಡ ಕಡೆಯ ಗುರುಸಿದ್ದಪ್ಪ ಬಂದು ಪೆಟ್ಟಿಗೆಯ ಬಳಿ ಸುಮಾರು ಹೊತ್ತು ನಿಂತ. ಅವನಿಗೆ ಅವರು ಯಾವಾಗಲೂ ಮಂಗಳೂರಣ್ಣ.

"ವೈನಿ, ನಾ ಹೊಸದಾಗಿ ಬಂದಾಗ ಡಿಸೆಂಬರ್," ಎಂದ. "ಮೈಮ್ಯಾಲ ಒಂದು ಸ್ವೆಟರ್ ಇದ್ದಿದ್ದಿಲ್ಲ. ಮಂಗಳೂರಣ್ಣ ಡ್ರೈಯರಿಂದ ಬಿಸಿ ಬಿಸಿ ಚಾದರ ತೆಗೆದು ನನಗ ಹೊದಿಸಿ, ಐದು ನಿಮಿಷ ಸುಮ್ಮನ ನಿಂದ್ರು ಅಂದ. ಸೂಪರ್‌ವೈಸರ್ ಬಂದು ಏನಿದು ಅಂತ ಕೇಳಿದ್ರ, ಅಳತಿ ನೋಡಾಕ್ಹತ್ತೀವಿ ಅಂದ. ದಿನಾ ಹಂಗ ಮಾಡತಿದ್ದ. ನನಗ ಪಗಾರ ಬಂದು ಕೋಟ್ ತಗೊಳ್ಳೂತನಕ."

ಈ ಸಂಗತಿ ಚಿತ್ರಾಕ್ಷಿಗೆ ಗೊತ್ತಿರಲಿಲ್ಲ. ಇನ್ನೂ ಕೇಳಬೇಕೆನ್ನಿಸಿತು, ಆದರೆ ಅಷ್ಟರಲ್ಲಿ ಜೇಬಿನಲ್ಲಿ ಫೋನು ನಡುಗಿತು. ಮಾತಿನ ನಡುವೆಯೇ ತಿರುಗಿ ಅದನ್ನು ಹೊರತೆಗೆದಳು. ಕನ್ನಡಕದ ಅಂಗಡಿಯ ಮೆಸೇಜು, ನಿಮ್ಮ ಕಣ್ಣಿನ ಪರೀಕ್ಷೆಯ ಸಮಯವಾಗಿದೆ ಎಂದು. ಗುರುಸಿದ್ದಪ್ಪ ಪಾಪ, ಆಕೆ ಅಳು ಮರೆಮಾಡಲು ತಿರುಗಿದಳೆಂದುಕೊಂಡು ಆಚೆ ಸರಿದ.

ಹನ್ನೊಂದು ಇಪ್ಪತ್ತು. ಹೊರಗೆ ಟ್ರಾಮು ಗಂಟೆ ಬಾರಿಸಿಕೊಂಡು ಹೋಯಿತು. ಅಡುಗೆಮನೆಯಿಂದ ಚಹಾಕ್ಕೆ ಕರೆದರು, ಹೋಗಲಿಲ್ಲ. ಮಹಡಿಯಲ್ಲಿ ತೀರ್ಥದ ತಂಬಿಗೆ ಎಲ್ಲಿದೆ ಎಂದು ಕೇಳಿದರು, ನಿಂತಲ್ಲಿಂದಲೇ ಹೇಳಿದಳು. ಶೋಭಿತ್ ಬಂದು ಭುಜದ ಮೇಲೆ ಕೈಯಿಟ್ಟ.

"ಅಮ್ಮ, ಸ್ವಲ್ಪ ಕೂತ್ಕೋ. ಈಸ್ಟರ್ ಕಳೆದ ಮೇಲೆ ನೀನು ನಮ್ಮಲ್ಲಿಗೆ ಬಂದುಬಿಡು. ಈ ಥಂಡಿ ಮನೆಯಲ್ಲಿ ಒಬ್ಬಳೇ ಎಂತ ಮಾಡ್ತಿ?"

"ನೋಡುವ," ಎಂದಳು. ಕಿಟಕಿ ಬಿಟ್ಟು ಅಲುಗಲಿಲ್ಲ.

*

ಆಸ್ಪತ್ರೆಯಲ್ಲಿದ್ದಾಗ ಗಂಡನಿಗೆ ಉಸಿರಿಗಿಂತ ಆ ಫೋನಿನದೇ ಚಿಂತೆಯಾಗಿತ್ತು. ವಾರ್ಡಿನ ಹೆಂಗಸೊಬ್ಬಳ ಸಹಾಯದಿಂದ, ತಾನಿಲ್ಲದಿದ್ದರೆ ಹೆಂಡತಿ ಮಾತಾಡಬಹುದು ಎಂದು ಕಂಪನಿಗೆ ತಿಳಿಸಿ ಅವಳ ಹೆಸರನ್ನೂ ಸೇರಿಸಿದ್ದರು. ಅವಳು ಆಕ್ಸಿಜನ್ ಮಾಸ್ಕ್ ತೆಗೆದು ಗಂಜಿ ಕುಡಿಸುತ್ತಿದ್ದಾಗ ಅದನ್ನೇ ಎತ್ತಿದರು.

"ಮೂರು ಕೇಳ್ತಾರೆ. ನಿನ್ನ ಹೆಸರು, ನೀನು ಹುಟ್ಟಿದ ತಾರೀಕು, ಖಾತೆ ಯಾರ ಹೆಸರಲ್ಲಿ ಉಂಟು ಅಂತ. ನಿನ್ನ ಬಾಯಿಂದಲೇ ಬರ್ಬೇಕು. ಪಕ್ಕದಲ್ಲಿ ಯಾರಾದ್ರೂ ಹೇಳಿಕೊಟ್ರೆ ಆಗ್ಲಿಕ್ಕಿಲ್ಲ."

"ಅಷ್ಟರಲ್ಲಿ ನೀವು ಮನೆಗೆ ಬರ್ತೀರಲ್ಲ, ನೀವೇ ಮಾತಾಡಿ."

"ಬಾರದಿದ್ರೆ?"

"ಕೆಟ್ಟ ಮಾತು ಬೇಡ. ಬಾಯಿ ತೆಗೀರಿ."

ಅವರು ಗಂಜಿ ನುಂಗಿ, ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಂತ ಮೇಲೆ ಅವಳ ಮಣಿಕಟ್ಟು ಹಿಡಿದುಕೊಂಡರು.

"ಒಂದು ಸಲ ಇಲ್ಲಿ ಹೇಳಿ ಅಭ್ಯಾಸ ಮಾಡು. ಬೇಕಾದ್ರೆ ನಾನು ಕಿವಿ ಮುಚ್ಚಿಕೊಳ್ತೇನೆ. ಅಲ್ಲ ಮಾರಾಯ್ತಿ, ಇಷ್ಟು ವರ್ಷ ಆಯ್ತು, ನನ್ನ ಹೆಸರು ನಿನ್ನ ಬಾಯಲ್ಲಿ ಹೇಗೆ ಕೇಳ್ತದೆ ಅಂತ ನನಗೇ ಗೊತ್ತಿಲ್ಲ."

ಇನ್ನೊಂದು ಚಮಚ ಗಂಜಿ ಹಿಡಿದು ಚಿತ್ರಾಕ್ಷಿ ಅವರ ಬಾಯಿ ಮುಚ್ಚಿಸಿದಳು. ಅದಾಗಿ ನಾಲ್ಕನೆಯ ದಿನ ಮಧ್ಯಾಹ್ನ, ಅವಳು ಬಸ್ಸಿನಲ್ಲಿದ್ದಾಗ, ಅವರು ಹೋಗಿಬಿಟ್ಟರು.

*

ಕಾರ್ಯ ನಡೆಸಲು ಬಂದವರು ಕನ್ನಡ ಬಳಗದ ಚಿದಾನಂದ. ನಿವೃತ್ತ ಡಾಕ್ಟರು, ಪುರೋಹಿತರು ಸಿಗದ ಕಡೆ ಅವರೇ ಪುರೋಹಿತರು. ಮೊದಲು ಬಾರ್ಟನ್‌ನನ್ನು ಕರೆದು, ನಮ್ಮಲ್ಲಿ ಕೊನೆಯದಾಗಿ ಒಂದಿಷ್ಟು ವಿಧಿಗಳಿವೆ, ಮುಗಿದ ಕೂಡಲೇ ನಾನು ತಲೆಯಾಡಿಸುತ್ತೇನೆ, ಅಲ್ಲಿಯವರೆಗೆ ಮುಚ್ಚಳ ಹಾಕಬೇಡಿ ಎಂದು ತಿಳಿಸಿದರು. ಬಾರ್ಟನ್ ಗಂಭೀರವಾಗಿ ಒಪ್ಪಿಕೊಂಡ. ತೀರಿಕೊಂಡವರ ಹೆಸರು ಹೇಳಿ ಎಂದಾಗ ಶೋಭಿತ್ ಹೇಳಿದ. ಆ ಹೆಸರು ಕಿವಿಗೆ ಬಿದ್ದಾಗೆಲ್ಲ ಮಾಡುವಂತೆ ಚಿತ್ರಾಕ್ಷಿ ತಲೆ ತಗ್ಗಿಸಿದಳು.

ಒಬ್ಬೊಬ್ಬರಾಗಿ ಬಂದು ತುಳಸಿ ದಳದಿಂದ ತುಟಿಗೆ ನೀರು ಬಿಟ್ಟರು. ಮಗ, ಸೊಸೆ, ಗುರುಸಿದ್ದಪ್ಪ, ಬಳಗದ ನಾಲ್ಕಾರು ಮಂದಿ. ಕೊನೆಯವಳು ಚಿತ್ರಾಕ್ಷಿ. ಗಡಿಯಾರದಲ್ಲಿ ಹನ್ನೊಂದು ನಲವತ್ತು. ಹೊರಡುವುದರೊಳಗೆ ಇನ್ನು ಕರೆ ಬರುವುದಿಲ್ಲ ಎಂದುಕೊಂಡಳು. ಮನೆಯಿಂದ ಹೊರಟ ಮೇಲೆ ಬಂದರೂ, ಶವಯಾತ್ರೆಯ ಕಾರಿನಲ್ಲಿ ಮಗನ ಪಕ್ಕ ಕೂತು ಏನು ಮಾತಾಡುವುದು? ಒಂದು ಕ್ಷಣ ನಿರಾಳವೂ ಆಯಿತು. ತುಳಸಿಯನ್ನು ನೀರಿನಲ್ಲಿ ಅದ್ದಿ ಬಾಗಿದಳು. ಹಿಂದೆ ಬಾರ್ಟನ್ ಮತ್ತು ಅವನ ಆಳುಗಳು ಮುಚ್ಚಳ ಎತ್ತಿ ಹಿಡಿದು ಸಿದ್ಧರಾದರು.

ಫೋನು ಕೂಗಿತು.

"ಅಮ್ಮ, ಕಟ್ ಮಾಡು," ಎಂದ ಶೋಭಿತ್.

ಚಿತ್ರಾಕ್ಷಿ ತುಟಿಗೆ ನೀರು ಬಿಟ್ಟು, ಒದ್ದೆ ಕೈಯಲ್ಲೇ ಫೋನು ತೆಗೆದು ಕಿವಿಗಿಟ್ಟಳು. ಲಾಂಡ್ರಿಯ ಯಂತ್ರಗಳ ಸದ್ದಿನಲ್ಲಿ ಕಿವಿ ಮಂದವಾಗಿದ್ದ ಅವರು ಅದರ ದನಿಯನ್ನು ಪೂರ್ತಿ ಏರಿಸಿ ಇಟ್ಟಿದ್ದರು. ಆಚೆಯ ಹೆಂಗಸಿನ ಇಂಗ್ಲಿಷು ಕೋಣೆಗೆಲ್ಲ ಕೇಳಿಸಿತು. ಗ್ಯಾಸಿನ ನೆರವಿನ ನಿಧಿಯಿಂದ ಮಾತಾಡುತ್ತಿದ್ದೇನೆ, ಖಾತೆದಾರರು ಹತ್ತಿರದಲ್ಲಿದ್ದಾರೆಯೇ ಎಂದು ಆಕೆ ಕೇಳಿದಳು.

"ಇಲ್ಲೇ ಇದ್ದಾರೆ," ಎಂದಳು ಚಿತ್ರಾಕ್ಷಿ. "ಮಾತಾಡಲು ಆಗುವುದಿಲ್ಲ."

"ಹುಷಾರಿಲ್ಲವೇ?"

"ತೀರಿಕೊಂಡಿದ್ದಾರೆ. ಈಗ ಕರೆದುಕೊಂಡು ಹೋಗುತ್ತಾರೆ."

ಆಕೆ ತಗ್ಗಿದ ದನಿಯಲ್ಲಿ, ತುಂಬಾ ಕ್ಷಮಿಸಿ, ಇವತ್ತೇ ಕೊನೆಯ ದಿನವಾಗಿರದಿದ್ದರೆ ಈಗಲೇ ಇಟ್ಟುಬಿಡುತ್ತಿದ್ದೆ ಎಂದಳು. ಸಾವಿನ ಪ್ರಕರಣ ನೋಡುವ ನಮ್ಮ ವಿಭಾಗಕ್ಕೆ ಕಳಿಸಿದರೆ ಅವರು ನೋಡುವುದು ನಾಳೆ, ನಾಳೆ ನಿಧಿ ಇರುವುದಿಲ್ಲ. ನಿಮ್ಮ ಹೆಸರೂ ಅರ್ಜಿಯಲ್ಲಿದೆ, ಮೂರು ಪ್ರಶ್ನೆಗೆ ಉತ್ತರ ಹೇಳಿದರೆ ಸಾಕು, ನೆರವು ನಿಮ್ಮ ಮನೆಗೇ ಬರುತ್ತದೆ. ಹೇಳಲು ಆಗುತ್ತದೆಯೇ?

ಚಿತ್ರಾಕ್ಷಿ ತನ್ನ ಹೆಸರು ಹೇಳಿದಳು. ಹುಟ್ಟಿದ ತಾರೀಕು ಹೇಳಿದಳು.

"ಖಾತೆದಾರರ ಪೂರ್ತಿ ಹೆಸರು?"

ಶೋಭಿತ್ ಅಷ್ಟರಲ್ಲಿ ಹತ್ತಿರ ಬಂದಿದ್ದ. ಅವನ ಮುಖ ಕೆಂಪಾಗಿತ್ತು. "ಗ್ಯಾಸಿಗೆ ನೆರವಾ? ಅಪ್ಪ ಅರ್ಜಿ ಹಾಕಿದ್ರಾ? ನನಗೆ ಒಂದು ಮಾತು ಹೇಳ್ಬಹುದಿತ್ತಲ್ಲ ಅಮ್ಮ," ಎನ್ನುತ್ತ ಕೈ ಚಾಚಿದ. "ಕೊಡು, ನಾನು ಹೇಳ್ತೇನೆ."

"ದಯವಿಟ್ಟು ಬೇರೆಯವರು ಹೇಳಬಾರದು," ಎಂದಿತು ಫೋನು. "ಅವರೇ ಹೇಳಬೇಕು."

ಚಿತ್ರಾಕ್ಷಿ ಮಗನ ಕೈಯನ್ನು ಮೆಲ್ಲಗೆ ಸರಿಸಿದಳು. ಇಡೀ ಕೋಣೆ ತನ್ನನ್ನೇ ನೋಡುತ್ತಿದೆ, ಕೋಟು ಹಾಕಿಕೊಂಡೇ ಕೂತವರಿಗೆಲ್ಲ ಈ ಮನೆ ಯಾಕೆ ತಣ್ಣಗಿದೆ ಎಂದು ಈಗ ತಿಳಿದುಹೋಗಿದೆ ಎಂಬುದು ಗೊತ್ತಿತ್ತು. ಆ ನಾಚಿಕೆ ಅವಳಿಗೆ ತಟ್ಟಲಿಲ್ಲ. ಅವಳು ಗಂಡನ ಮುಖ ನೋಡುತ್ತಿದ್ದಳು. ಕಾಪಾಡಲು ಇನ್ನು ಆಯುಸ್ಸೂ ಇರಲಿಲ್ಲ, ಆದರೂ ನಾಲಿಗೆ ಏಳಲೊಲ್ಲದು. ಹೇಳಿಬಿಟ್ಟರೆ ಅವರು ಹೋದದ್ದನ್ನು ತಾನೂ ಒಪ್ಪಿಕೊಂಡಂತೆ ಎನ್ನಿಸಿತು.

"ಚೆನ್ನಯ್ಯ," ಎಂದಳು.

ಶೋಭಿತನ ಕೈ ಗಾಳಿಯಲ್ಲೇ ನಿಂತಿತು. ಬಾರ್ಟನ್‌ಗೆ ಅರ್ಥವಾದದ್ದು ಇಷ್ಟೇ: ವಿಧವೆ ಪೆಟ್ಟಿಗೆಯ ಮೇಲೆ ಬಾಗಿ ಸತ್ತವರ ಹೆಸರು ಕೂಗಿದಳು. ಇದೇ ಆ ಕೊನೆಯ ವಿಧಿ ಎಂದುಕೊಂಡು ಅವನು ತಲೆ ತಗ್ಗಿಸಿದ. ಅವನನ್ನು ನೋಡಿ ಮುಚ್ಚಳ ಹಿಡಿದ ಆಳುಗಳೂ ತಗ್ಗಿಸಿದರು.

"ಕ್ಷಮಿಸಿ, ಕೇಳಿಸಲಿಲ್ಲ," ಎಂದಳು ಆಚೆಯವಳು.

"ಚೆನ್ನಯ್ಯ ಕೋಟ್ಯಾನ್," ಎಂದಳು ಚಿತ್ರಾಕ್ಷಿ, ಬೀದಿಯ ಆ ತುದಿಯಲ್ಲಿ ಹೋಗುತ್ತಿರುವವರನ್ನು ಕರೆದಷ್ಟು ಜೋರಾಗಿ.

ಕಂಪ್ಯೂಟರಿನ ಕೀಲಿ ಒತ್ತುವ ಸದ್ದು ಕೇಳಿಸಿತು. ಸರಿಹೋಯಿತು, ಇನ್ನೇನೂ ಬೇಕಿಲ್ಲ, ನೀವು ಹೋಗಿ ಅವರನ್ನು ಕಳಿಸಿಕೊಡಿ ಎಂದು ಆಕೆ ಫೋನಿಟ್ಟಳು. ಚಿದಾನಂದರು ಬಾರ್ಟನ್ ಕಡೆ ತಿರುಗಿ ತಲೆಯಾಡಿಸಲು ಹೊರಟವರು, ಚಿತ್ರಾಕ್ಷಿಯನ್ನು ಕಂಡು ಸುಮ್ಮನಾದರು. ಅವಳು ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಎರಡೂ ಕೈಯಿಂದ ಪೆಟ್ಟಿಗೆಯ ಅಂಚು ಹಿಡಿದು, ಗಂಡನ ಕಿವಿಯ ಹತ್ತಿರ ಬಾಗಿ, ಯಾರೂ ಕೇಳದಿದ್ದರೂ ಇನ್ನೊಮ್ಮೆ ಹೇಳಿದಳು. ಆಮೇಲೆ ಮತ್ತೊಮ್ಮೆ. ನಾಲ್ವರು ಇಂಗ್ಲಿಷರು ಈ ವಿಧಿಯಲ್ಲಿ ಒಟ್ಟು ಎಷ್ಟು ಸಲ ಎಂದು ತಿಳಿಯದೆ, ಮುಚ್ಚಳ ಹಿಡಿದುಕೊಂಡು ತಲೆ ತಗ್ಗಿಸಿಯೇ ನಿಂತಿದ್ದರು.